ಸಹಾಯ ಬೇಕು: ಮಲಯಾಳ ಕಲಿತ ನಾಯಿಗೆ ಕನ್ನಡ ಹೇಗೆ ಕಲಿಸುವುದು?

ನಾವು ಬದಿಯಡ್ಕದವರು. ಪಯ್ಯನ್ನೂರಿನ ಮನೆಯೊಂದರಿಂದ ಎರಡು ವರ್ಷದ ನಾಯಿ ತಂದು ತಿಂಗಳಾಯಿತು. ಮಲಯಾಳದಲ್ಲಿ ‘ಇರಿ’ ಅಂದರೆ ತಕ್ಷಣ ಕೂರುತ್ತದೆ. ನಾನು ‘ಕೂತ್ಕೋ’ ಅಂದರೆ ಸುಮ್ನೆ ಮುಖ ನೋಡುತ್ತದೆ, ಪಾಪ. ಅಮ್ಮ ಬೇರೆ ತುಳುವಿನಲ್ಲಿ ‘ಕುಲ್ಲು’ ಅನ್ನುತ್ತಾರೆ.

ಮೂರು ವಾರದಿಂದ ಕೈ ಕೆಳಗೆ ತೋರಿಸುತ್ತಾ ‘ಕೂತ್ಕೋ’ ಅಂದು, ಕೂತರೆ ಬಿಸ್ಕೆಟ್ ಕೊಡುತ್ತಿದ್ದೇನೆ. ಕೈ ತೋರಿಸಿದರೆ ಕೂರುತ್ತದೆ. ಕೈ ಹಿಂದೆ ಕಟ್ಟಿಕೊಂಡು ಹೇಳಿದರೆ ಇಲ್ಲ. ಅಂದರೆ ಕೈಯನ್ನು ಕಲಿತಿದೆ, ಮಾತನ್ನಲ್ಲ, ಅಲ್ವಾ? ಬುಡಾಪೆಸ್ಟ್‌ನಲ್ಲಿ 18 ನಾಯಿಗಳ ಮೆದುಳು ಸ್ಕ್ಯಾನ್ ಮಾಡಿದಾಗ, ಕೇಳಿದ ಭಾಷೆ ಯಾವುದು, ಕೇಳದ್ದು ಯಾವುದು ಎಂದು ಅವು ಗುರುತಿಸಿದ್ದು ಕಂಡಿತ್ತು. ಹಾಗಾಗಿ ಆಸೆ ಬಿಟ್ಟಿಲ್ಲ.

ಮೊದಲು ‘ಕೂತ್ಕೋ’ ಅಂದು, ಆಮೇಲೆ ‘ಇರಿ’ ಅನ್ನಬೇಕಾ? ಅಥವಾ ಮನೆಯವರೆಲ್ಲ ‘ಇರಿ’ ಅಂತಲೇ ಹೇಳಬೇಕಾ? ಹೀಗೆ ಕಲಿಸಿದವರಿದ್ದರೆ ದಯವಿಟ್ಟು ತಿಳಿಸಿ.