ಪುಟ್ಟಿ, ಅಪ್ಪು, ಇಬ್ಬರೂ ಇದನ್ನು ಪೂರ್ತಿ ಕೇಳಿ

ಬೆಳಿಗ್ಗೆಯಿಂದ ಗ್ರೂಪ್‌ನಲ್ಲಿ 80 ಮೆಸೇಜ್ ಬಂದಿವೆ. ಯಾರಿಗೋ ಏನೋ ಆಯಿತು ಅಂತ ಗಾಬರಿಯಲ್ಲಿ ತೆರೆದರೆ, ನಿಮ್ಮಿಬ್ಬರ ಬಯಾಲಜಿ ಪ್ರಿಪರೇಟರಿಯ ಜಗಳ! ಅಪ್ಪು 'ನಿಂದೆಲ್ಲಾ ತಪ್ಪು' ಅಂತಾನೆ, ಪುಟ್ಟಿ ಅಳುವ ಇಮೋಜಿ ಸಾಲಾಗಿ ಹಾಕುತ್ತಾಳೆ. 28 ವರ್ಷ ಪಿಯುಸಿ ಮಕ್ಕಳಿಗೆ ಇದನ್ನೇ ಪಾಠ ಮಾಡಿದವನು ನಾನು. ಸುಮ್ನೆ ಇರಲು ಆಗಲಿಲ್ಲ. ಟೈಪ್ ಮಾಡಲು ಕಣ್ಣು ಕೇಳುವುದಿಲ್ಲ, ಅದಕ್ಕೇ ಈ ವಾಯ್ಸ್.

ಮೊದಲು ಹಿಮೋಫಿಲಿಯಾ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ. ಅಪ್ಪನಿಗೆ ರೋಗವಿಲ್ಲ, ಅಮ್ಮ ಕ್ಯಾರಿಯರ್, ಅಂದರೆ ರೋಗದ ಜೀನ್ ಒಂದು ಎಕ್ಸ್‌ನಲ್ಲಿ ಮಾತ್ರ ಇರುವವಳು. ರೋಗ ಎಷ್ಟು ಪರ್ಸೆಂಟ್ ಮಕ್ಕಳಿಗೆ ಬರಬಹುದು ಅನ್ನುವುದು ಜಗಳ. ಪುಟ್ಟಿ 25 ಪರ್ಸೆಂಟ್ ಅಂತ ಬರೆದಿದ್ದಾಳೆ, ಅಪ್ಪು 50. ಹುಟ್ಟುವ ಒಟ್ಟು ಮಕ್ಕಳ ಲೆಕ್ಕ ಹಿಡಿದರೆ ನಾಲ್ಕರಲ್ಲಿ ಒಂದು, 25 ಸರಿ. ಗಂಡುಮಕ್ಕಳನ್ನು ಮಾತ್ರ ಎಣಿಸಿದರೆ ಇಬ್ಬರಲ್ಲಿ ಒಬ್ಬ, ಆಗ 50. ಪ್ರಶ್ನೆಪತ್ರಿಕೆಯ ಫೋಟೊ ದೊಡ್ಡದು ಮಾಡಿ ನೋಡಿದೆ. 'ಸನ್ಸ್' ಅಂತ ಇದೆ. ಹಾಗಾಗಿ ಅಪ್ಪು ಗೆದ್ದ.

ನಿಲ್ಲು ಅಪ್ಪು, ಕುಣಿಯಬೇಡ. ವಿವರಣೆಯಲ್ಲಿ 'ರೋಗ ಅಪ್ಪನಿಂದ ಮಗನಿಗೆ ಬರುತ್ತದೆ' ಅಂತ ಬರೆದೆ ಅಂತ ನೀನೇ ಹೇಳಿದ್ದೀಯ. ಅಪ್ಪ ಮಗನಿಗೆ ಕೊಡುವುದು ವೈ ಕ್ರೋಮೋಸೋಮ್. ಈ ರೋಗದ ಜೀನ್ ಇರುವುದು ಎಕ್ಸ್ ಕ್ರೋಮೋಸೋಮ್‌ನಲ್ಲಿ, ಮಗನಿಗೆ ಅದು ಅಮ್ಮನಿಂದಲೇ ಬರಬೇಕು. ಪುಟ್ಟಿ ಕ್ರಾಸ್, ಅಂದರೆ ಅಪ್ಪ ಅಮ್ಮನ ಜೀನ್ ಮಕ್ಕಳಿಗೆ ಹೇಗೆ ಹಂಚಿಹೋಗುತ್ತದೆ ಅನ್ನುವ ಚಿತ್ರ, ಚೊಕ್ಕವಾಗಿ ಹಾಕಿ, ಕೊನೆಯ ಸಾಲಿನಲ್ಲಿ ಎಡವಿದಳು. ನೀನು ಕೊನೆಯ ಸಾಲು ಸರಿ ಬರೆದು, ಅದರ ಮೇಲಿನದನ್ನು ಕೆಡಿಸಿದೆ. ನೀವು ಹೋಲಿಸಿದ್ದು ಬರೀ ಕೊನೆಯ ಸಾಲನ್ನು! ನಾನು ಪೇಪರ್ ತಿದ್ದುವಾಗ ಕ್ರಾಸ್‌ಗೆ ಬೇರೆ ಅಂಕ, ಉತ್ತರಕ್ಕೆ ಬೇರೆ ಅಂಕ ಕೊಡುತ್ತಿದ್ದೆ. ಆದರೆ ಪುಟ್ಟಿ, ನೀಟ್‌ನಲ್ಲಿ ಈ ಕರುಣೆ ಇಲ್ಲ. ಅಲ್ಲಿ 25 ಅನ್ನುವ ಆಯ್ಕೆ ಇಟ್ಟೇ ಇಡುತ್ತಾರೆ. ಅದನ್ನು ಆರಿಸಿದರೆ 4 ಅಂಕವೂ ಹೋಯಿತು, ಮೇಲೆ 1 ಕಳೆಯುತ್ತಾರೆ. ಸಿಇಟಿಯಲ್ಲಿ ಕಳೆಯುವುದಿಲ್ಲ, ಅಷ್ಟೇ ಸಮಾಧಾನ.

ಇನ್ನು ತೆಂಗಿನಕಾಯಿ. ಇದು ನನ್ನ ಇಷ್ಟದ ಪ್ರಶ್ನೆ, ಸ್ವಲ್ಪ ಜಾಸ್ತಿ ಮಾತಾಡುತ್ತೇನೆ. ತೆಂಗಿನ ಎಲೆಯ ಕೋಶದಲ್ಲಿ 32 ಕ್ರೋಮೋಸೋಮ್ ಇದ್ದರೆ ಎಂಡೋಸ್ಪರ್ಮ್‌ನಲ್ಲಿ, ಅಂದರೆ ಭ್ರೂಣಕ್ಕೆ ಆಹಾರವಾಗುವ ಭಾಗದಲ್ಲಿ, ಎಷ್ಟು? ಅಪ್ಪು 32, ಪುಟ್ಟಿ 48. ಪುಟ್ಟಿಯದೇ ಸರಿ. ಪರಾಗದಿಂದ ಬಂದ ಒಂದು ಗಂಡು ಗ್ಯಾಮೀಟ್ (ಲಿಂಗಾಣು), ಹೆಣ್ಣು ಭಾಗದ ಎರಡು ಪೋಲಾರ್ ನ್ಯೂಕ್ಲಿಯಸ್ ಜೊತೆ ಸೇರುತ್ತದೆ. ಒಂದೊಂದರಲ್ಲೂ 32ರ ಅರ್ಧ, 16. ಮೂರು ಹದಿನಾರು ನಲವತ್ತೆಂಟು. ನಾವು ತುರಿದು ಚಟ್ನಿ ಮಾಡುವ ಬಿಳಿ ತಿರುಳು ಕೋಶಗಳಾಗಿ ಕೂತ ಎಂಡೋಸ್ಪರ್ಮ್. ಎಳನೀರು ಇನ್ನೂ ಕೋಶವಾಗದ ಎಂಡೋಸ್ಪರ್ಮ್, ಅದರಲ್ಲಿ ಸಾವಿರಾರು ನ್ಯೂಕ್ಲಿಯಸ್ ತೇಲುತ್ತಿರುತ್ತವೆ. ಹಾಗಾದರೆ 32 ಎಲ್ಲಿ ಹೋಯಿತು? ಭ್ರೂಣದಲ್ಲಿದೆ. ಕಾಯಿಯ ಮೂರು ಕಣ್ಣುಗಳಲ್ಲಿ ಮೆತ್ತಗಿರುವ ಒಂದರ ಕೆಳಗೆ ಅದು ಕೂತಿರುತ್ತದೆ. ಪೂಜೆಗೆ ಕಾಯಿ ಒಡೆದಾಗ ಒಳಗೆ 'ಹೂವು' ಬಂದಿದ್ದರೆ ಅಜ್ಜಿ ಎಷ್ಟು ಖುಷಿಪಡುತ್ತಾರೆ ನೋಡಿದ್ದೀರಿ ಅಲ್ವಾ? ಆ ಹೂವು ಅದೇ ಭ್ರೂಣ, ಮೊಳೆಯುತ್ತಾ ಒಳಗಿನ ತಿರುಳನ್ನು ಹೀರಲು ಊದಿಕೊಂಡದ್ದು. ಅದರಲ್ಲಿ 32, ಪಕ್ಕದ ತಿರುಳಿನಲ್ಲಿ 48. ಒಂದೇ ಕಾಯಿಯಲ್ಲಿ ನಿಮ್ಮಿಬ್ಬರ ಉತ್ತರವೂ ಇದೆ.

ಕರಿಮೆಣಸಿನ ಬೀಜದಲ್ಲಿ ಉಳಿದುಕೊಳ್ಳುವ ಭಾಗ ಯಾವುದು ಅನ್ನುವ ಪ್ರಶ್ನೆಗೆ ಇಬ್ಬರೂ ಎಂಡೋಸ್ಪರ್ಮ್ ಬರೆದು, ಉತ್ತರ ಹೊಂದಿತು ಅಂತ ನೆಮ್ಮದಿಯಾಗಿದ್ದೀರಿ. ಇಬ್ಬರದೂ ತಪ್ಪು. ಅಲ್ಲಿ ಉಳಿದುಕೊಳ್ಳುವುದು ನ್ಯೂಸೆಲಸ್, ಅಂದರೆ ಬೀಜವಾಗುವ ಮುಂಚಿನ ಅಂಡಕದ ಒಳಭಾಗ, ಅದಕ್ಕೆ ಪೆರಿಸ್ಪರ್ಮ್ ಅನ್ನಬೇಕು. ಬೀಟ್‌ರೂಟ್ ಬೀಜದಲ್ಲೂ ಹಾಗೇ.

ಸಿಕಲ್ ಸೆಲ್, ಅಂದರೆ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ ಕಾಯಿಲೆ, ಅದಕ್ಕೆ ಪುಟ್ಟಿ ಉಲ್ಟಾ ಬರೆದಿದ್ದಾಳೆ. ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯ 6ನೇ ಜಾಗದಲ್ಲಿ ಗ್ಲುಟಾಮಿಕ್ ಆಸಿಡ್ ಅನ್ನುವ ಅಮೈನೋ ಆಸಿಡ್ ಹೋಗಿ ವ್ಯಾಲಿನ್ ಬರುತ್ತದೆ. ಇದನ್ನು ಬರೀ ಪುಸ್ತಕದ ಸಾಲು ಅಂದುಕೊಳ್ಳಬೇಡಿ. ನಮ್ಮ ಚಾಮರಾಜನಗರದ ಕಾಡಂಚಿನ ಹಾಡಿಗಳಲ್ಲಿ ಈ ಕಾಯಿಲೆ ಇರುವ ಮನೆಗಳಿವೆ.

ಅತ್ತಿಗೆ, ಪುಟ್ಟಿ ಮಧ್ಯಾಹ್ನದಿಂದ ಊಟ ಮಾಡಿಲ್ಲ ಅಂತ ಅಮ್ಮ ಹೇಳಿದರು. ಮೊದಲು ಬಡಿಸಿ, ಫೋನ್ ಇಸಿದುಕೊಳ್ಳಿ. ಭಾನುವಾರ ನಾನೇ ಬರುತ್ತೇನೆ. ಅಪ್ಪು, ಎರಡು ಎಳನೀರು, ಒಂದು ಬಲಿತ ಕಾಯಿ ತಂದಿಡು. ದುಡ್ಡು ನಿನ್ನದೇ, ಪುಟ್ಟಿಯನ್ನು ಅಳಿಸಿದ್ದಕ್ಕೆ.