ಸ್ಟ್ರೈಗಾ ಹತೋಟಿಗೆ ‘ಬಲೆ ಬೆಳೆ’ ಅನ್ನೋ ಪದ ಸರಿ ಹೊಂದುತ್ತಾ?

ಎಲ್ಲರಿಗೂ ನಮಸ್ಕಾರ.

ಪಶ್ಚಿಮ ಕೀನ್ಯಾದ ರೈತರು ಮೆಕ್ಕೆಜೋಳದ ಹೊಲದಲ್ಲಿ ಸ್ಟ್ರೈಗಾ ಕಳೆಯನ್ನು ಹೇಗೆ ಹತೋಟಿಗೆ ತರುತ್ತಿದ್ದಾರೆ ಎಂಬ ಬಗ್ಗೆ ಕನ್ನಡದಲ್ಲಿ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ಕೆಲವು ಪದಗಳು ಸಿಗದೆ ಕೆಲಸ ನಿಂತಿದೆ.

ಸ್ಟ್ರೈಗಾ ನೋಡಿದವರಿಗೆ ಗೊತ್ತು, ಅದು ಬೇರೆ ಗಿಡದ ಬೇರಿಗೆ ಅಂಟಿ ಬದುಕುವ ಗಿಡ. ಜೋಳ, ಮೆಕ್ಕೆಜೋಳ, ಸಜ್ಜೆ, ಕಬ್ಬು ಎಲ್ಲದಕ್ಕೂ ಬೀಳುತ್ತದೆ. ಬೀಜ ಧೂಳಿನಷ್ಟು ಸಣ್ಣದು. ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ, ಅವು ಮಣ್ಣಿನಲ್ಲಿ ಹತ್ತು ವರ್ಷಕ್ಕೂ ಜಾಸ್ತಿ ಜೀವ ಹಿಡಿದಿರಬಲ್ಲವು. ಮಳೆ ಬಿತ್ತು ಅಂತ ಸುಮ್ನೆ ಮೊಳೆಯುವುದಿಲ್ಲ. ಹತ್ತಿರದಲ್ಲಿ ಬೇರೊಂದು ಗಿಡದ ಬೇರು ಇದ್ದು, ಅದು ಒಸರುವ ರಾಸಾಯನಿಕ ಬೀಜಕ್ಕೆ ತಗಲಬೇಕು. ಮೊಳೆತ ಮೇಲೆ ಕೆಲವೇ ದಿನಗಳಲ್ಲಿ ಆ ಬೇರನ್ನು ಹಿಡಿಯಬೇಕು. ಇಲ್ಲದಿದ್ದರೆ ಸಾಯುತ್ತದೆ.

ಉಪಾಯ ಇರುವುದು ಇಲ್ಲೇ. ಕೆಲವು ಗಿಡಗಳ ಬೇರು ಈ ರಾಸಾಯನಿಕವನ್ನು ಒಸರುತ್ತದೆ, ಆದರೆ ಸ್ಟ್ರೈಗಾಗೆ ಆಸರೆ ಕೊಡುವುದಿಲ್ಲ. ಹತ್ತಿ ಅಂಥದ್ದು. ಸ್ಟ್ರೈಗಾಲ್ ಎಂಬ ರಾಸಾಯನಿಕವನ್ನು 1966ರಲ್ಲಿ ಮೊದಲು ಗುರುತಿಸಿದ್ದೇ ಹತ್ತಿಯ ಬೇರಿನಿಂದ. ಕೀನ್ಯಾದಲ್ಲಿ ಮೆಕ್ಕೆಜೋಳದ ಸಾಲುಗಳ ನಡುವೆ ಡೆಸ್ಮೋಡಿಯಂ ಎಂಬ ದ್ವಿದಳ ಮೇವಿನ ಗಿಡ ಹಾಕುತ್ತಾರೆ. ಅದರ ಬೇರು ಸ್ಟ್ರೈಗಾ ಬೀಜವನ್ನು ಮೊಳೆಸುತ್ತದೆ, ಮೊಳಕೆ ಮೆಕ್ಕೆಜೋಳದ ಬೇರಿಗೆ ಅಂಟುವುದನ್ನೂ ತಡೆಯುತ್ತದೆ. ಊಟಕ್ಕೆ ಕರೆದು ಬಾಗಿಲು ಹಾಕಿಕೊಂಡ ಹಾಗೆ. ಇಂಗ್ಲಿಷಿನಲ್ಲಿ ಇಂಥ ಬೆಳೆಗೆ ‘ಟ್ರಾಪ್ ಕ್ರಾಪ್’, ಆ ಮೊಳಕೆಗೆ ‘ಸೂಯಿಸೈಡಲ್ ಜರ್ಮಿನೇಶನ್’ ಅನ್ನುತ್ತಾರೆ.

ಟ್ರಾಪ್ ಕ್ರಾಪ್‌ಗೆ ನಮ್ಮಲ್ಲಿ ‘ಬಲೆ ಬೆಳೆ’ ಇದೆ, ನಿಜ. ಆದರೆ ಅದನ್ನು ಕೇಳಿದ ರೈತರಿಗೆ ನೆನಪಾಗುವುದು ಟೊಮೆಟೊ ಹೊಲದ ಚೆಂಡುಹೂ. ಅಲ್ಲಿ ಕಾಯಿಕೊರಕದ ಚಿಟ್ಟೆ ಹೂವಿನ ಕಡೆ ಹಾರಿ ಹೋಗುತ್ತದೆ, ಮುಖ್ಯ ಬೆಳೆ ಉಳಿಯುತ್ತದೆ. ಸ್ಟ್ರೈಗಾ ಬೀಜ ಎಲ್ಲಿಗೂ ಹೋಗುವುದಿಲ್ಲ, ಇದ್ದಲ್ಲೇ ಮೋಸ ಹೋಗುತ್ತದೆ. ಎರಡಕ್ಕೂ ಒಂದೇ ಪದ ಇಟ್ಟರೆ ಓದುವವರು ಡೆಸ್ಮೋಡಿಯಂ ಮೇಲೆ ಸ್ಟ್ರೈಗಾ ಬೆಳೆಯುತ್ತದೆ ಅಂತಲೇ ತಿಳಿಯುತ್ತಾರೆ, ಅಲ್ವಾ? ಹಾಗೆ ಬೆಳೆಸಿ ಕೊಲ್ಲುವ ಪದ್ಧತಿಯೂ ಬೇರೆಯೇ ಇದೆ. ಸ್ಟ್ರೈಗಾ ಬೀಳುವಂಥ ಹುಲ್ಲನ್ನೇ ದಟ್ಟವಾಗಿ ಬಿತ್ತಿ, ಕಳೆ ಬೀಜ ಕಟ್ಟುವ ಮೊದಲೇ ಎಲ್ಲವನ್ನೂ ಉಳುವುದು. ಅದಕ್ಕೆ ‘ಕ್ಯಾಚ್ ಕ್ರಾಪ್’ ಅನ್ನುತ್ತಾರೆ. ನನ್ನ ಮಟ್ಟಿಗೆ ‘ಬಲೆ ಬೆಳೆ’ ಹೊಂದುವುದು ಈ ಪದ್ಧತಿಗೆ.

ಡೆಸ್ಮೋಡಿಯಂ ಥರದ್ದಕ್ಕೆ ‘ಹುಸಿಕರೆ ಬೆಳೆ’ ಅಂದರೆ ಹೇಗೆ? ‘ಹುಸಿ ಮೊಳಕೆ’ ಬೇಡ. ಮೊಳಕೆ ನಿಜವಾದದ್ದೇ, ಹುಸಿಯಾಗಿದ್ದು ಕರೆ. ‘ಆತ್ಮಹತ್ಯಾ ಮೊಳಕೆ’ ಅಂತೂ ಖಂಡಿತ ಬೇಡ. ಬೀಜಕ್ಕೆ ಸಾಯುವ ಇಷ್ಟ ಎಲ್ಲಿತ್ತು?

ಎರಡನೆಯದು ‘ಜೈವಿಕ ಹತೋಟಿ’. ಸೊಸೈಟಿ, ಕೃಷಿ ಮೇಳಗಳಲ್ಲಿ ಇದರ ಅರ್ಥ ಹಿಗ್ಗಿ ಹೋಗಿದೆ. ವಿಷ ಹಾಕದೆ ಏನು ಮಾಡಿದರೂ ಜೈವಿಕವೇ. ಮೂಲ ಅರ್ಥ ಇಷ್ಟು ಸಡಿಲ ಅಲ್ಲ: ಕಳೆಯ ಶತ್ರುವನ್ನು, ಅಂದರೆ ಒಂದು ಹುಳವನ್ನೋ ಶಿಲೀಂಧ್ರವನ್ನೋ, ಅದರ ಮೇಲೆ ಬಿಡುವುದು. 1970ರ ದಶಕದಲ್ಲಿ ಭಾರತದಿಂದ ಇಥಿಯೋಪಿಯಾಕ್ಕೆ ಸ್ಮಿಕ್ರೋನಿಕ್ಸ್ ಎಂಬ ಮೂತಿಹುಳುವನ್ನು ಒಯ್ದು ಬಿಟ್ಟಿದ್ದರು. ಅದರ ಮರಿ ಸ್ಟ್ರೈಗಾದ ಕಾಯಿಯೊಳಗೆ ಬೆಳೆಯುತ್ತದೆ, ಕಾಯಿ ಗಂಟಾಗುತ್ತದೆ, ಬೀಜ ಕಟ್ಟುವುದಿಲ್ಲ. ಕೀನ್ಯಾದ ಈಗಿನ ದಾರಿ ಫ್ಯುಸೇರಿಯಂ ಶಿಲೀಂಧ್ರ. ಹಲ್ಲುಕಡ್ಡಿಗೆ ಹತ್ತಿಸಿದ ಶಿಲೀಂಧ್ರವನ್ನು ಹಳ್ಳಿಗೆ ಕೊಡುತ್ತಾರೆ. ಬೇಯಿಸಿದ ಅನ್ನದಲ್ಲಿ ಅದನ್ನು ಬೆಳೆಸಿ, ಬಿತ್ತುವಾಗ ಮೆಕ್ಕೆಜೋಳದ ಜೊತೆ ಗುಣಿಗೆ ಒಂದು ಚಿಟಿಕೆ ಹಾಕುತ್ತಾರೆ. 500 ರೈತರ ಹೊಲಗಳಲ್ಲಿ ಮಾಡಿದ ಪ್ರಯೋಗ 2016ರಲ್ಲಿ ಪ್ರಕಟವಾಯಿತು. ಒಂದು ಹಂಗಾಮಿನಲ್ಲಿ ಇಳುವರಿ ಶೇ 56.5, ಮುಂದಿನದರಲ್ಲಿ ಶೇ 42 ಹೆಚ್ಚಿತ್ತು. ಮಾರುಕಟ್ಟೆಯ ಹೆಸರು ‘ಕಿಚಾವಿ ಕಿಲ್’. ಸ್ವಾಹಿಲಿಯಲ್ಲಿ ಕಿಚಾವಿ ಅಂದರೆ ಮಾಟಕ್ಕೆ ಸೇರಿದ್ದು. ಸ್ಟ್ರೈಗಾದ ಇಂಗ್ಲಿಷ್ ಹೆಸರು ‘ವಿಚ್‌ವೀಡ್’ನಲ್ಲೂ ಮಾಟಗಾತಿ ಇದ್ದಾಳೆ. ಅವಳನ್ನು ಕನ್ನಡಕ್ಕೂ ಕರೆತರುವ ಅಗತ್ಯ ನನಗೆ ಕಾಣುವುದಿಲ್ಲ.

ಹುಳ, ಶಿಲೀಂಧ್ರಕ್ಕೆ ಮಾತ್ರ ‘ಜೈವಿಕ ಹತೋಟಿ’ ಇಟ್ಟುಕೊಂಡು, ಡೆಸ್ಮೋಡಿಯಂ ಅನ್ನು ‘ಬೆಳೆ ಪದ್ಧತಿಯಿಂದ ಹತೋಟಿ’ ಅನ್ನಬೇಕು ಅನ್ನುವುದು ನನ್ನ ಅಭಿಪ್ರಾಯ. ಕೃಷಿ ಪಾಠ ಮಾಡುವವರು ಏನಂತೀರಿ?

ಕೊನೆಗೆ ಕಳೆಯ ಹೆಸರು. ‘ಬದನಿಕೆ’ ಅಂದರೆ ಎಲ್ಲರಿಗೂ ಮಾವಿನ ಕೊಂಬೆಯ ಮೇಲಿನದ್ದೇ ಕಣ್ಣಿಗೆ ಬರುತ್ತದೆ, ನೆಲದಲ್ಲಿ ಹುಟ್ಟುವ ಸ್ಟ್ರೈಗಾಗೆ ಅದು ಸರಿ ಬರುವುದಿಲ್ಲ. ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆ ಜೋಳ, ಕಬ್ಬಿನ ಹೊಲದಲ್ಲಿ ಇದನ್ನು ಕಂಡವರು ನಿಮ್ಮೂರಲ್ಲಿ ಏನಂತ ಕರೆಯುತ್ತಾರೆ ಅಂತ ಬರೆಯಿರಿ. ಯಾವ ಬೆಳೆಯಲ್ಲಿ ಕಂಡಿದ್ದು, ಹೂವಿನ ಬಣ್ಣ ಬಿಳಿಯೋ ಕೆಂಪೋ ಅನ್ನುವುದನ್ನೂ ಸೇರಿಸಿ. ಬಣ್ಣ ಬದಲಾದರೆ ಜಾತಿಯೂ ಬೇರೆ ಇರಬಹುದು, ಹೆಸರೂ ಬೇರೆ ಇರಬಹುದು.