ಎಷ್ಟು ಎತ್ತರದಲ್ಲಿ, ಚಿಕ್ಕಪ್ಪ?

ಭಾನುವಾರ ಬೆಳಗ್ಗೆ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಸುಬ್ರಾಯ ಚಿಕ್ಕಪ್ಪ ಒಂದು ಚಿತ್ರ ಹಾಕಿದರು. ಒಂದು ಗ್ರಾಫ್, ಅದರಲ್ಲಿ ಇಳಿಯುತ್ತಾ ಹೋಗುವ ನೀಲಿ ಗೆರೆ. ಮೇಲೆ ಕೆಂಪು ಅಕ್ಷರದಲ್ಲಿ ಹೀಗೆ ಬರೆದಿತ್ತು: "ಧ್ರುವದ ಆಕಾಶ ತಣ್ಣಗಾಗುತ್ತಿದೆ! ಭೂಮಿ ಬಿಸಿಯಾಗುತ್ತಿದೆ ಎಂಬುದು ಶುದ್ಧ ಸುಳ್ಳು! ಎಲ್ಲರಿಗೂ ಕಳುಹಿಸಿ!" ಕೆಳಗೆ ಚಿಕ್ಕಪ್ಪ ತಮ್ಮದೇ ಒಂದು ಸಾಲು ಸೇರಿಸಿದ್ದರು.

ಸುಬ್ರಾಯ ಚಿಕ್ಕಪ್ಪ: ಪ್ರಮೋದ ಇದನ್ನು ನೋಡಬೇಕು.

ಜಗಳಕ್ಕೆ ಆ ಸಾಲೇ ಸಾಕಾಯಿತು. ಪ್ರಮೋದ ಅತ್ತೆಯ ಮಗ, ಬೆಂಗಳೂರಿನಲ್ಲಿದ್ದಾನೆ. ಬೇಸಿಗೆ ರಜೆಗೆ ಸುರತ್ಕಲ್‌ಗೆ ಬಂದಾಗ ಚಿಕ್ಕಪ್ಪನ ಮನೆಯ ಹೊಸ ಎಸಿ ನೋಡಿ ಉದ್ದ ಭಾಷಣ ಮಾಡಿದ್ದ. ಚಿಕ್ಕಪ್ಪ ಅದನ್ನು ಮರೆತಿರಲಿಲ್ಲ.

ಪ್ರಮೋದ: ಮಾವ, ಇದರ ಮೂಲ ಯಾವುದು? ಯಾರು ಅಳೆದದ್ದು? ಯಾವ ವರ್ಷದ್ದು?

ಸುಬ್ರಾಯ ಚಿಕ್ಕಪ್ಪ: ಉಪಗ್ರಹ ಅಳೆದದ್ದು. ಅದರ ಆಧಾರ್ ಕಾರ್ಡ್ ಬೇಕಾ?

ಪ್ರಮೋದ: ಹೋದ ಸಲ ತೆಂಗಿನೆಣ್ಣೆಯ ಸುದ್ದಿ ಹಾಕಿದಾಗಲೂ ಹೀಗೇ ಹೇಳಿದ್ರಿ.

ಸುಬ್ರಾಯ ಚಿಕ್ಕಪ್ಪ: ಉಪನಯನದ ಮನೆಯಲ್ಲಿ ಎಲ್ಲರ ಎದುರು ನನ್ನನ್ನು ವಾಟ್ಸಾಪ್ ಮಾವ ಅಂತ ಕರೆದವನು ನೀನು. ನಾನೇನು ಮರೆತಿಲ್ಲ.

ದೊಡ್ಡಪ್ಪ: ಇಬ್ಬರೂ ಸುಮ್ಮನಿರಿ. ಪ್ರಕೃತಿಯ ವಿಷಯದಲ್ಲಿ ಮನುಷ್ಯ ಅಹಂಕಾರ ಪಡಬಾರದು. ನಮ್ಮ ಅಪ್ಪ ಇರುವೆ ಸಾಲು ನೋಡಿಯೇ ಮಳೆ ಹೇಳುತ್ತಿದ್ದರು. ಅವರು ನೆಟ್ಟ ಹಲಸಿನ ಮರವನ್ನು ಕಾರು ನಿಲ್ಲಿಸಲು ಕಡಿದವರು ಈಗ ಧ್ರುವದ ಮಾತಾಡುತ್ತಾರೆ.

ಹಲಸಿನ ಮರ ಕಡಿಸಿದ್ದೂ ಚಿಕ್ಕಪ್ಪನೇ. ಅಲ್ಲಿಗೆ ಮಾತು ಧ್ರುವ ಬಿಟ್ಟು ಕಿನ್ನಿಗೋಳಿಯ ನಮ್ಮ ಅಜ್ಜನ ಮನೆಗೆ ಬಂತು.

ನಾನು ಉಡುಪಿಯಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸುತ್ತೇನೆ. ಗ್ರಾಫ್ ಕಂಡರೆ ಮೊದಲು ಅಂಚಿನಲ್ಲಿ ಏನು ಬರೆದಿದೆ ಎಂದು ನೋಡುವುದು ನನ್ನ ಅಭ್ಯಾಸ. ಚಿತ್ರವನ್ನು ದೊಡ್ಡದು ಮಾಡಿದೆ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅಂಟಾರ್ಕ್ಟಿಕಾ ಎಂದಿತ್ತು. 50 ಹೆಕ್ಟೋಪಾಸ್ಕಲ್ ಎಂದಿತ್ತು, ಅದು ಎಷ್ಟು ಎತ್ತರದ ಗಾಳಿ ಎಂದು ತಿಳಿಸುವ ಒತ್ತಡದ ಅಳತೆ. ಸೆಪ್ಟೆಂಬರ್‌ನಿಂದ ನವೆಂಬರ್ ಎಂದಿತ್ತು. ಗೆರೆ 1979ರಲ್ಲಿ ಶುರುವಾಗಿ 1998ಕ್ಕೆ ಮುಗಿದಿತ್ತು. ಅಷ್ಟು ಹೊತ್ತಿಗೆ ಗುಂಪಿನಲ್ಲಿ ಇದರ ಬಗ್ಗೆ ಮಾತಾಡಿದ ಯಾರೂ ಇದನ್ನು ಓದಿರಲಿಲ್ಲ, ಮೂಲ ಕೇಳಿದ ಪ್ರಮೋದ ಕೂಡ.

ನಾನು: ಚಿಕ್ಕಪ್ಪ, ಗೆರೆ ಸುಳ್ಳಲ್ಲ. ಆದರೆ ಇದು ಸುಮಾರು 20 ಕಿಲೋಮೀಟರ್ ಎತ್ತರದ ಗಾಳಿ. ವಿಮಾನಗಳು ಹಾರುವ ಎತ್ತರದ ಹೆಚ್ಚುಕಡಿಮೆ ಎರಡು ಪಾಲು. ಅಂಟಾರ್ಕ್ಟಿಕಾದ ಮೇಲೆ ಓಝೋನ್ ರಂಧ್ರ ದೊಡ್ಡದಾಗುತ್ತಾ ಹೋದ ವರ್ಷಗಳು ಅವು. ಓಝೋನ್ ಸೂರ್ಯನ ಕಿರಣ ಹೀರಿಕೊಂಡು ಆ ಎತ್ತರದ ಗಾಳಿಯನ್ನು ಬಿಸಿ ಮಾಡುತ್ತದೆ. ಓಝೋನ್ ಹೋದರೆ ಅಲ್ಲಿ ತಂಪಾಗಲೇಬೇಕು, ಅಲ್ವಾ?

ಸುಬ್ರಾಯ ಚಿಕ್ಕಪ್ಪ: ತಂಪಾಗಿದೆ ಅಂತ ನೀನೂ ಒಪ್ಪಿದೆ. ಸಾಕು.

ಪ್ರಮೋದ: ಹಾಗಾದರೆ ಇದನ್ನೂ ನೋಡಿ ಮಾವ.

ಅವನು ಹಾಕಿದ್ದು ಒಂದು ಸುದ್ದಿಯ ತಲೆಬರಹ. ಅಂಟಾರ್ಕ್ಟಿಕಾದಲ್ಲಿ 40 ಡಿಗ್ರಿ ಏರಿಕೆ ಎಂದಿತ್ತು. ಅಷ್ಟು ಮಾತ್ರ ಕತ್ತರಿಸಿ ಹಾಕಿದ್ದ.

ದೊಡ್ಡಪ್ಪ: ಶಿವ ಶಿವ! 40 ಡಿಗ್ರಿಯಾ? ನಮ್ಮ ಮಂಗಳೂರಿನಲ್ಲೇ ಅಷ್ಟಿಲ್ಲ. ಹಿಮವೆಲ್ಲ ಕರಗಿ ಆಗಿರಬೇಕು. ಕಲಿಗಾಲ.

ಜಯಂತಿ ಅತ್ತೆ: ಸಮುದ್ರ ಮೇಲೆ ಬರ್ತದಾ? ನಮ್ಮ ಮನೆ ಬಾವಿಗೆ ಈಗಲೇ ಉಪ್ಪು ನೀರು ಬರ್ತಾ ಉಂಟು.

ನನಗೆ ಇದು ಚಿಕ್ಕಪ್ಪನ ಫಾರ್ವರ್ಡಿಗಿಂತ ಹೆಚ್ಚು ಬೇಸರ ತಂದಿತು. ಸರಿಯಾದ ಕಡೆ ನಿಂತವನು ಅರ್ಧ ಮಾತು ಹೇಳಿದರೆ ಹೆದರುವವರು ಅತ್ತೆಯಂಥವರು. ಅದು 2022ರ ಮಾರ್ಚ್ 18ರ ಸುದ್ದಿ. ಕಾಂಕಾರ್ಡಿಯಾ ಎಂಬ ಸಂಶೋಧನಾ ನಿಲ್ದಾಣದಲ್ಲಿ ಅಂದು ಆ ಕಾಲದ ಮಾಮೂಲಿಗಿಂತ 40 ಡಿಗ್ರಿಯ ಹತ್ತಿರ ಜಾಸ್ತಿ ಇತ್ತು. ಜಾಸ್ತಿಯಾದ ಮೇಲೂ ಅಲ್ಲಿ ಸೊನ್ನೆಗಿಂತ ಸುಮಾರು 12 ಡಿಗ್ರಿ ಕೆಳಗೇ. ಸಾಗರದ ಮೇಲಿನ ಬೆಚ್ಚಗಿನ ತೇವದ ಗಾಳಿ ಒಮ್ಮೆಲೇ ಒಳನಾಡಿಗೆ ನುಗ್ಗಿದ್ದರಿಂದ ಹಾಗಾಯಿತು. ದೊಡ್ಡ ಘಟನೆಯೇ ಅದು. ಆದರೆ ಕೆಲವು ದಿನದ ಹವೆ ಬೇರೆ, ವರ್ಷವರ್ಷಕ್ಕೂ ಏರುವ ಸರಾಸರಿ ಬೇರೆ. ಇಷ್ಟನ್ನೂ ಬರೆದು ಹಾಕಿದೆ.

ಪ್ರಮೋದ: ವೀಣಾ, ನೀನು ಯಾರ ಕಡೆ?

ನಾನು: ಅಳತೆಯ ಕಡೆ. ಧ್ರುವದ ಗಾಳಿ ಬಿಸಿಯಾಯಿತು, ತಣ್ಣಗಾಯಿತು ಎಂದು ಒಂದೇ ಮಾತಲ್ಲಿ ಹೇಳಲು ಆಗುವುದಿಲ್ಲ. ಯಾವ ಧ್ರುವ, ಯಾವ ತಿಂಗಳು, ಎಷ್ಟು ಎತ್ತರದಲ್ಲಿ? ಈ ಮೂರು ಕೇಳದೆ ಯಾರೂ ಜಗಳ ಮಾಡಬೇಡಿ.

ನಾನು ಮತ್ತೂ ಬರೆದೆ. ಉತ್ತರ ಧ್ರುವದ ಸುತ್ತ ನೆಲದ ಹತ್ತಿರದ ಗಾಳಿ 1979ರಿಂದೀಚೆಗೆ ಜಗತ್ತಿನ ಸರಾಸರಿಯ ಹೆಚ್ಚುಕಡಿಮೆ ನಾಲ್ಕು ಪಟ್ಟು ವೇಗದಲ್ಲಿ ಬಿಸಿಯಾಗಿದೆ. 2022ರಲ್ಲಿ ಫಿನ್‌ಲ್ಯಾಂಡಿನ ವಿಜ್ಞಾನಿಗಳು ಹೇಳಿದ ಲೆಕ್ಕ ಇದು. ಮೇಲೆ ಹೋದಂತೆ ಏರಿಕೆ ಕಡಿಮೆಯಾಗುತ್ತದೆ. ನಮ್ಮ ಕಡೆ ಬಿಸಿ ಗಾಳಿ ಮೇಲೇರಿ, ಮೋಡವಾಗಿ, ಶಾಖವನ್ನು ಎತ್ತರದಲ್ಲಿ ಬಿಡುತ್ತದೆ. ಧ್ರುವದ ಚಳಿಗಾಲದಲ್ಲಿ ಹಾಗಲ್ಲ. ಡಿಸೆಂಬರ್ ಬೆಳಗ್ಗೆ ಗದ್ದೆಯ ಮೇಲೆ ಮಂಜು ಏಳದೆ ನಿಂತ ಹಾಗೆ ತಣ್ಣನೆಯ ಗಾಳಿ ನೆಲಕ್ಕೇ ಅಂಟಿಕೊಂಡಿರುತ್ತದೆ. ಹಿಮ ಕರಗಿದ ಕಡಲು ಬೇಸಿಗೆಯ ಬಿಸಿಲು ಹೀರಿ ಚಳಿಗಾಲದ ಹೊತ್ತಿಗೆ ಬಿಡುವ ಶಾಖವೂ ಅಲ್ಲೇ ಉಳಿಯುತ್ತದೆ. ಇನ್ನು ತೀರಾ ಮೇಲೆ, ಸ್ಟ್ರಾಟೋಸ್ಫಿಯರಿನಲ್ಲಿ, ಇಂಗಾಲದ ಡೈಆಕ್ಸೈಡ್ ಜಾಸ್ತಿಯಾದರೆ ಗಾಳಿ ತಂಪಾಗುತ್ತದೆ. ಕೆಳಗೆ ಬಿಸಿ, ಮೇಲೆ ತಂಪು ಎಂದು ಮನಾಬೆ ಮತ್ತು ವೆದರಾಲ್ಡ್ ಎಂಬ ವಿಜ್ಞಾನಿಗಳು 1967ರಲ್ಲೇ ಲೆಕ್ಕ ಹಾಕಿ ಹೇಳಿದ್ದರು. ಮನಾಬೆಯವರಿಗೆ 2021ರಲ್ಲಿ ನೊಬೆಲ್ ಬಂತು. ಅಂದರೆ ಚಿಕ್ಕಪ್ಪ ಕಳುಹಿಸಿದ ತಂಪಿನ ಗೆರೆ ಭೂಮಿ ಬಿಸಿಯಾಗುವುದಕ್ಕೆ ವಿರುದ್ಧದ ಸಾಕ್ಷಿಯೇ ಅಲ್ಲ.

ಯಾರೂ ಉತ್ತರಿಸಲಿಲ್ಲ. ದೊಡ್ಡಪ್ಪ ಒಂದು ಕೈಮುಗಿದ ಗುರುತು ಹಾಕಿದರು. ಆಮೇಲೆ ಚಿಕ್ಕಪ್ಪ ಬಂದರು.

ಸುಬ್ರಾಯ ಚಿಕ್ಕಪ್ಪ: ಅಷ್ಟು ಎತ್ತರಕ್ಕೆ ಹೋಗಿ ಥರ್ಮಾಮೀಟರ್ ಇಟ್ಟವರು ಯಾರು ಮಾರಾಯ್ತಿ?

ಇದು ಅವರು ವಾದಕ್ಕೆ ಕೇಳಿದ್ದೇ ಇರಬಹುದು. ಆದರೆ ಅವತ್ತಿನ ಎಲ್ಲ ಮಾತುಗಳಲ್ಲಿ ಕೇಳಲೇಬೇಕಾದ ಪ್ರಶ್ನೆ ಇದೊಂದೇ.

ನಾನು: ಬಲೂನ್ ಇಡುತ್ತದೆ ಚಿಕ್ಕಪ್ಪ. ದೊಡ್ಡ ರಬ್ಬರ್ ಬಲೂನ್, ಅದರ ಕೆಳಗೆ ದಾರ, ದಾರಕ್ಕೆ ಒಂದು ಹಗುರ ಡಬ್ಬಿ. ರೇಡಿಯೋಸಾಂಡ್ ಅಂತ ಹೆಸರು. ಏರುತ್ತಾ ಏರುತ್ತಾ ಉಷ್ಣತೆ, ತೇವ, ಒತ್ತಡ ಎಲ್ಲವನ್ನೂ ರೇಡಿಯೋದಲ್ಲಿ ಕೆಳಗೆ ಕಳುಹಿಸುತ್ತದೆ. 30 ಕಿಲೋಮೀಟರ್ ಹತ್ತಿರ ಹೋಗಿ ಒಡೆಯುತ್ತದೆ. ಜಗತ್ತಿನ ನೂರಾರು ಕಡೆ ಒಂದೇ ಹೊತ್ತಿನ ಲೆಕ್ಕಕ್ಕೆ ಬಿಡುತ್ತಾರೆ, ನಮ್ಮ ಗಡಿಯಾರದಲ್ಲಿ ಬೆಳಗ್ಗೆ 5.30 ಮತ್ತು ಸಂಜೆ 5.30. ದಕ್ಷಿಣ ಧ್ರುವದಲ್ಲೂ ಬಿಡುತ್ತಾರೆ. ನಮ್ಮ ಮಂಗಳೂರಿನ ಪಣಂಬೂರಿನಲ್ಲೂ ಬಿಡುತ್ತಾರೆ.

ಶಶಿಯಕ್ಕ: ಅಯ್ಯೋ ಡಬ್ಬಿ! ಕಿನ್ನಿಗೋಳಿ ಮನೆಯ ಬೈಲಿನಲ್ಲಿ ಬಿದ್ದಿತ್ತಲ್ಲ! ಬಿಳಿ ಡಬ್ಬಿ, ಉದ್ದ ದಾರ, ಹರಿದ ರಬ್ಬರ್! ಅಜ್ಜ ಅದನ್ನು ಬಾಂಬ್ ಅಂದುಕೊಂಡು ನಮ್ಮನ್ನೆಲ್ಲ ಚಾವಡಿಯೊಳಗೆ ಕೂರಿಸಿದ್ದರು. ಸುಗ್ಗಿ ಬೆಳೆ ಕೊಯ್ದ ಮೇಲೆ ಅದು. ಆ ದಿನ ಪತ್ರೊಡೆ ಮಾಡಿದ್ದರು.

ಜಯಂತಿ ಅತ್ತೆ: ಸುಗ್ಗಿ ಕೊಯ್ದ ಮೇಲೆ ಪತ್ರೊಡೆ ಎಲ್ಲಿಂದ ಬರ್ತದೆ? ಅದು ಮಳೆಗಾಲದ್ದು.

ಶಶಿಯಕ್ಕ ದುಬೈಯಿಂದ ಬರೆಯುವುದು. ಅವಳು ಶುರು ಮಾಡಿದರೆ ಪತ್ರೊಡೆಯಿಂದ ಬಸ್ಸಿಗೆ, ಬಸ್ಸಿನಿಂದ ಕಟೀಲಿನ ಜಾತ್ರೆಗೆ ಹೋಗುತ್ತಾಳೆ. ಅವತ್ತೂ ಹೋದಳು. ನನಗೆ ಮಾತ್ರ ಆ ಡಬ್ಬಿ ಬಿಡಲು ಮನಸ್ಸಾಗಲಿಲ್ಲ. ಧ್ರುವದ ಗಾಳಿಯ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ಇಂಥ ಡಬ್ಬಿಗಳಿಂದ ಬಂದದ್ದು. ಮಂಜುಗಡ್ಡೆಯ ಮೇಲೆ ತೇಲುತ್ತಿದ್ದ ಸೋವಿಯತ್ ನಿಲ್ದಾಣಗಳಿಂದ ದಶಕಗಟ್ಟಲೆ ಬಲೂನ್ ಬಿಟ್ಟರು. 2019ರಿಂದ 2020ರವರೆಗೆ ಪೋಲಾರ್‌ಸ್ಟರ್ನ್ ಎಂಬ ಜರ್ಮನ್ ಹಡಗು ಹಿಮದೊಳಗೆ ಸಿಕ್ಕಿಕೊಂಡೇ ತೇಲಿ, ಕಾರ್ಗತ್ತಲ ಚಳಿಗಾಲದಲ್ಲೂ ಬಲೂನ್ ಬಿಟ್ಟಿತು. ಅಂಟಾರ್ಕ್ಟಿಕಾದ ನಿಲ್ದಾಣಗಳ ಹಳೆಯ ಬಲೂನ್ ದಾಖಲೆ ಕೂಡಿಸಿ ನೋಡಿದಾಗಲೇ ಚಳಿಗಾಲದಲ್ಲಿ ಅಲ್ಲಿನ ನಡು ಎತ್ತರದ ಗಾಳಿ ದಶಕಕ್ಕೆ 0.5ರಿಂದ 0.7 ಡಿಗ್ರಿ ಬಿಸಿಯಾಗಿದ್ದು ಕಂಡಿದ್ದು. 2006ರಲ್ಲಿ ಪ್ರಕಟವಾಯಿತು. ಆ ಚಳಿಯಲ್ಲಿ ನಿಂತು ಬಲೂನಿಗೆ ಅನಿಲ ತುಂಬಿದವರ ಹೆಸರು ನಮಗೆ ಗೊತ್ತಿಲ್ಲ. ಅವರ ಕೆಲಸವನ್ನು ಒಂದು ಕೆಂಪು ಅಕ್ಷರದ ಸಾಲು ಸುಳ್ಳು ಎಂದರೆ ನನಗೆ ನೋವಾಗುತ್ತದೆ. ಗುಂಪಿನಲ್ಲಿಯೂ ಹೀಗೇ ಬರೆದೆ.

ಸುಬ್ರಾಯ ಚಿಕ್ಕಪ್ಪ: ಉಪಗ್ರಹ ಇರುವಾಗ ಬಲೂನ್ ಯಾಕೆ?

ನಾನು: ಉಪಗ್ರಹದಲ್ಲಿ ಥರ್ಮಾಮೀಟರ್ ಇಲ್ಲ ಚಿಕ್ಕಪ್ಪ. ಗಾಳಿಯ ಆಮ್ಲಜನಕ ಹೊರಸೂಸುವ ಮೈಕ್ರೋವೇವ್ ನೋಡಿ ಉಷ್ಣತೆ ಲೆಕ್ಕ ಹಾಕುತ್ತಾರೆ. 1978ರ ಕೊನೆಯಿಂದ ಹೀಗೆ ಅಳೆಯುತ್ತಿದ್ದಾರೆ. ಆದರೆ ಅದಕ್ಕೆ ಸಿಗುವುದು ಹಲವು ಕಿಲೋಮೀಟರ್ ದಪ್ಪದ ಪದರದ ಸರಾಸರಿ. ದಕ್ಷಿಣ ಧ್ರುವದ ನೆಲವೇ 2,800 ಮೀಟರ್ ಎತ್ತರ. ಕೆಳಗಿನ ಪದರ ಅಳೆಯಲು ಹೋದರೆ ಮಂಜುಗಡ್ಡೆಯ ಮೈಕ್ರೋವೇವೂ ಬೆರೆಯುತ್ತದೆ. ಉಪಗ್ರಹದ ಕಕ್ಷೆ ನಿಧಾನಕ್ಕೆ ಕೆಳಗಿಳಿದರೂ ಲೆಕ್ಕ ತಪ್ಪುತ್ತದೆ. ಇಲ್ಲದ ತಂಪು ಹಾಗೆ ಕಂಡಿದ್ದು 1998ರಲ್ಲಿ ಗೊತ್ತಾಗಿ ತಿದ್ದಿದರು.

ಪ್ರಮೋದ: ಹಾಗಾದರೆ ಬಲೂನ್ ಸರಿ, ಉಪಗ್ರಹ ತಪ್ಪು.

ನಾನು: ಅಲ್ಲ ಮಾರಾಯ. ಬಿಸಿಲು ಬಿದ್ದರೆ ಬಲೂನಿನ ಸೆನ್ಸರೂ ಬಿಸಿಯಾಗುತ್ತದೆ. ಹಳೆಯ ಡಬ್ಬಿಗೆ ಜಾಸ್ತಿ, ಹೊಸದಕ್ಕೆ ಕಡಿಮೆ. ಅದನ್ನೂ ಸರಿಪಡಿಸಬೇಕು. 2008ರಲ್ಲಿ ಒಂದು ಪ್ರಬಂಧ ಉತ್ತರ ಧ್ರುವದ ಬಿಸಿ ಎತ್ತರದಲ್ಲೂ ಜೋರು ಎಂದಿತ್ತು. 2010ರಲ್ಲಿ ಬೇರೆಯವರು ಹೊಸ ದತ್ತಾಂಶ ನೋಡಿ, ಇಲ್ಲ, ನೆಲದ ಹತ್ತಿರವೇ ಜಾಸ್ತಿ ಎಂದರು. ಜಗಳ ಅಲ್ಲೂ ಉಂಟು. ಆದರೆ ಅವರು ಉಪನಯನದ ಸುದ್ದಿ ತೆಗೆಯುವುದಿಲ್ಲ.

ಇದಕ್ಕೆ ಬಂದ ಉತ್ತರ ದೊಡ್ಡಪ್ಪನದ್ದು.

ದೊಡ್ಡಪ್ಪ: ಆ ಡಬ್ಬಿ ಅಟ್ಟದ ಮೇಲಿತ್ತು. ಪಾಲಾದಾಗ ಯಾರು ತೆಗೆದುಕೊಂಡದ್ದು?

ಸುಬ್ರಾಯ ಚಿಕ್ಕಪ್ಪ: ನನ್ನನ್ನು ಕೇಳಬೇಡಿ ಅಣ್ಣ. ನನಗೆ ಬಂದದ್ದು ಎರಡು ಕಂಚಿನ ಹಂಡೆ, ಅದರಲ್ಲಿ ಒಂದು ತೂತು.

ಜಯಂತಿ ಅತ್ತೆ: ಡಬ್ಬಿ ನಾನು ತಂದದ್ದು. ಸೌತೆ ಬೀಜ ಹಾಕಿ ಇಟ್ಟಿದ್ದೆ. ಅದಕ್ಕೂ ಈಗ ಲೆಕ್ಕ ಕೊಡಬೇಕಾ?

ಮುಂದಿನ ಮಾತುಗಳನ್ನು ಇಲ್ಲಿ ಹಾಕುವುದಿಲ್ಲ. ಪಾಲಿನ ವಿಷಯ ಮನೆಯೊಳಗೇ ಇರಲಿ. ಆ ಗಲಾಟೆಯ ನಡುವೆ ಚಿಕ್ಕಪ್ಪ ನನಗೆ ಒಬ್ಬಳಿಗೇ ಒಂದು ಮೆಸೇಜ್ ಕಳುಹಿಸಿದರು. ಪಣಂಬೂರಿನ ಬಲೂನಿನ ಅಂಕಿಗಳನ್ನು ನಮ್ಮಂಥವರು ನೋಡಬಹುದಾ ಎಂದು ಕೇಳಿದರು. ಅವರು ಬ್ಯಾಂಕಿನಲ್ಲಿ ಲೆಕ್ಕ ಬರೆದವರು. ಅಂಕಿ ಕಂಡರೆ ಬಿಡುವುದಿಲ್ಲ. ಅಮೆರಿಕದ ವ್ಯೋಮಿಂಗ್ ವಿಶ್ವವಿದ್ಯಾಲಯ ಜಗತ್ತಿನ ಬಲೂನ್ ದಾಖಲೆಗಳನ್ನು ಎಲ್ಲರಿಗೂ ತೆರೆದಿಟ್ಟಿದೆ ಎಂದೆ. ಪಣಂಬೂರಿನ ನಿಲ್ದಾಣದ ಸಂಖ್ಯೆ ಕೊಟ್ಟೆ. ಜೊತೆಗೆ ದಕ್ಷಿಣ ಧ್ರುವದ 89009 ಕೂಡ ಕೊಟ್ಟೆ. ಸಾಲುಗಳನ್ನು ಹೇಗೆ ಓದಬೇಕು ಎಂದು ಫೋನ್ ಮಾಡಿ ಹೇಳಿದೆ.

ಸಂಜೆ ಅವರು ಗುಂಪಿಗೆ ಮತ್ತೆ ಬಂದರು.

ಸುಬ್ರಾಯ ಚಿಕ್ಕಪ್ಪ: ನಮ್ಮ ಪಣಂಬೂರಿನ ಮೇಲೆ 16 ಕಿಲೋಮೀಟರ್ ಎತ್ತರದಲ್ಲಿ ಮೈನಸ್ 80 ಡಿಗ್ರಿಯ ಹತ್ತಿರ ಉಂಟು. ಕೆಳಗೆ ನಾವು ಬೆವರುತ್ತಾ ಕೂತಿದ್ದೇವೆ.

ಪ್ರಮೋದ: ಮೂಲ ಯಾವುದು ಮಾವ?

ಸುಬ್ರಾಯ ಚಿಕ್ಕಪ್ಪ: 43285. ನೀನೇ ತೆಗೆದು ನೋಡು.